ಬಲೆ ಶೆಡ್ಡಿನ ಬೇಸಿಗೆ

ತಾಯಿಯ ಮನೆಯಲ್ಲಿ ಎರಡು ವಾರ ಇರುವುದಕ್ಕೆ ಒರ್ನೆಲ್ಲಾ ಬಾಡಿಗೆ ಕಟ್ಟಿದಳು. ಅದೂ ಜನವರಿಯ ಬಾಡಿಗೆ. ಬೇಸಿಗೆ ರಜೆಗೆ ಕ್ಯಾನ್‌ಬೆರಾದವರೂ ಮೆಲ್ಬರ್ನಿನವರೂ ಮುಗಿಬೀಳುವ ತಿಂಗಳು. ಆಸ್ಪತ್ರೆಯ ಅಡುಗೆಮನೆಯಲ್ಲಿ ತನ್ನ ಜೊತೆ ಕೆಲಸ ಮಾಡುವ ಗೆಳತಿಯ ಹೆಸರಿನಲ್ಲಿ ಮನೆ ಕಾದಿರಿಸಿ, ಫೋನನ್ನು ಮೇಜಿನ ಮೇಲೆ ಕವುಚಿಟ್ಟು, ಒಬ್ಬಳೇ ಕೂತು ಒಂದು ಲೋಟ ವೈನ್ ಕುಡಿದಳು. ಅಷ್ಟು ಸಮಾಧಾನ ಅವಳಿಗೆ ಬಹಳ ದಿನದಿಂದ ಆಗಿರಲಿಲ್ಲ.

ಇದಕ್ಕೆಲ್ಲ ಕಾರಣ ಹಿಂದಿನ ಈಸ್ಟರ್‌ನಲ್ಲಿ ನಡೆದದ್ದು.

ಈಡನ್ ಬಂದರಿನ ಮೇಲಿನ ದಿಬ್ಬದಲ್ಲಿ ಅವಳ ಅಪ್ಪ ಗಾಸ್ಪರೆ ಕಟ್ಟಿಸಿದ ಮನೆ ಇತ್ತು. ಮುಂದೆ ಉದ್ದನೆಯ ವರಾಂಡ. ಅಲ್ಲಿ ನಿಂತರೆ ದೋಣಿಗಳು ಬಂದು ನಿಲ್ಲುವ ದಕ್ಕೆ, ಕೊಲ್ಲಿಯ ಆಚೆ ದಡದ ಕಾಡು. ಹಿತ್ತಲಲ್ಲಿ ಅವನು ಬಲೆ ಹೆಣೆಯುತ್ತಿದ್ದ ತಗಡಿನ ಶೆಡ್. ಗಾಸ್ಪರೆ ತೀರಿಕೊಂಡ ವರ್ಷ ಮಗ ರೀನೋ ತಾಯಿ ನುನ್ಸಿಯಾತಾಳ ಹತ್ತಿರ ಬಂದು, "ಮಮ್ಮಾ, ಒಂದೇ ಒಂದು ಬೇಸಿಗೆ ಈ ಮನೇನ ಪ್ರವಾಸಿಗರಿಗೆ ಬಾಡಿಗೆಗೆ ಕೊಡೋಣ. ದೋಣಿಗೆ ಹೊಸ ಇಂಜಿನ್ ಹಾಕಿಸ್ಬೇಕು. ಅಷ್ಟು ದಿನ ನೀನು ಹಿಂದೆ ಶೆಡ್‌ನಲ್ಲಿರು, ರೂಮಿನ ಥರ ಮಾಡಿಸಿಕೊಡ್ತೀನಿ" ಅಂದಿದ್ದ. ಆ ಬೇಸಿಗೆ ಮುಗಿಯಿತು. ಆಮೇಲೆ ಶಾಲೆಗಳಿಗೆ ರಜೆ ಬಂತು, ತಿಮಿಂಗಿಲ ನೋಡುವವರು ಬಂದರು, ಮತ್ತೆ ಬೇಸಿಗೆ ಬಂತು. ಹೊಸ ಇಂಜಿನ್ ಹಳೆಯದಾಯಿತು. ನುನ್ಸಿಯಾತಾ ಶೆಡ್‌ನಲ್ಲೇ ಉಳಿದಳು.

ಈಸ್ಟರ್‌ಗೆ ಒರ್ನೆಲ್ಲಾ ತಾನಿರುವ ಕ್ವೀನ್‌ಬಿಯನ್‌ನಿಂದ ಕಾರು ಓಡಿಸಿಕೊಂಡು ಬಂದಾಗ, ಎಪ್ಪತ್ತು ದಾಟಿದ ತಾಯಿ ಯಾರದೋ ಒದ್ದೆ ಬೆಡ್‌ಶೀಟುಗಳನ್ನು ಹೆಗಲ ಮೇಲೆ ಹಾಕಿಕೊಂಡು ಹಿತ್ತಲ ತಂತಿಯ ಕಡೆ ಹೋಗುತ್ತಿದ್ದಳು. ಶೆಡ್‌ನೊಳಗೆ ಒಂದು ಮಂಚ, ಒಂದು ಸಣ್ಣ ಕರೆಂಟ್ ಒಲೆ, ಗೋಡೆಯ ಮೇಲೆ ಗಾಸ್ಪರೆಯ ಫೋಟೋ. ತಾಯಿ ಮಗಳು ಕಾಫಿಗೆ ಕೂತಾಗ ತಾಯಿ ಪಿಸುಮಾತಿನಲ್ಲೇ ಮಾತಾಡಿದಳು. ಗಟ್ಟಿಯಾಗಿ ಮಾತಾಡಿದರೆ ಅತಿಥಿಗಳಿಗೆ ತೊಂದರೆಯಾಗುತ್ತದಂತೆ. ಅಷ್ಟರಲ್ಲಿ ವರಾಂಡದಿಂದ ಒಬ್ಬ ಹೆಂಗಸು ಬಗ್ಗಿ, "ಇಲ್ಲಿ ಕೇಳಿ, ಟಾಯ್ಲೆಟ್ ಪೇಪರ್ ಮುಗಿದಿದೆ" ಎಂದು ಕೂಗಿದಳು. ನುನ್ಸಿಯಾತಾ ಕಾಫಿ ಅಲ್ಲೇ ಬಿಟ್ಟು ಎದ್ದು ಓಡಿದಳು.

ಒರ್ನೆಲ್ಲಾ ಅಲ್ಲಿಂದ ನೇರ ದಕ್ಕೆಗೆ ಇಳಿದಳು. ರೀನೋ ದೋಣಿಯಲ್ಲಿ ಐಸ್ ತುಂಬಿಸುತ್ತಿದ್ದ.

"ಅಮ್ಮನ್ನ ಕೆಲಸದವಳನ್ನಾಗಿ ಮಾಡಿಟ್ಟಿದೀಯಲ್ಲೋ."

"ನಾನೇನು ಬಲವಂತ ಮಾಡಿಲ್ಲ. ಸುಮ್ನೆ ಕೂತ್ರೆ ಕೈಕಾಲು ಹಿಡ್ಕೊಳ್ಳುತ್ತೆ ಅಂತ ಅವಳೇ ಮಾಡ್ತಾಳೆ."

"ಅವಳು ಎಲ್ಲಿ ಅಡುಗೆ ಮಾಡ್ಕೋತಾಳೆ ಅಂತ ನೋಡಿದೀಯಾ?"

"ನೀನು ನೋಡಿದೆಯಲ್ಲ, ವರ್ಷಕ್ಕೊಂದು ಸಲ ಬಂದು. ಸಾಕು. ಆ ಮನೆ ಮೇಲೆ ನಿಂಗೆ ಅಷ್ಟು ಆಸೆ ಇದ್ರೆ ಎಲ್ಲರ ಹಾಗೆ ದುಡ್ಡು ಕೊಟ್ಟು ಬಾ. ಟವೆಲ್ಲೂ ಕೊಡ್ತೀವಿ."

ಪಕ್ಕದ ದೋಣಿಯ ಇಬ್ಬರು ನಕ್ಕರು. ಒರ್ನೆಲ್ಲಾ ಹದಿನಾರರಲ್ಲಿ ಶಾಲೆ ಬಿಟ್ಟು ತಾಯಿಯ ಜೊತೆ ಮೀನಿನ ಡಬ್ಬಿ ಕಾರ್ಖಾನೆಗೆ ಹೋದವಳು. ರೀನೋ ಅದೇ ವಯಸ್ಸಿಗೆ ಅಪ್ಪನ ದೋಣಿಯ ಚುಕ್ಕಾಣಿ ಹಿಡಿದಿದ್ದ. ಆಗಿನಿಂದ ಒಳಗೆ ಮಲಗಿದ್ದ ಸಿಟ್ಟು ಆ ನಗುವಿಗೆ ಮೈಮುರಿದು ಎದ್ದು ಕೂತಿತು. ಅವಳು ಕ್ವೀನ್‌ಬಿಯನ್‌ಗೆ ವಾಪಸು ಹೋದಳು. ಅಂದಿನಿಂದ ಡಿಸೆಂಬರ್‌ವರೆಗೂ ಹೆಚ್ಚುವರಿ ಪಾಳಿ ಮಾಡಿದಳು.

*

ಬೀಗದ ಕೈ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದವಳು ರೀನೋನ ಹೆಂಡತಿ ಕೆರಿನ್. ಈ ಮನೆಗೆ ಬಿಳಿ ಬಣ್ಣ ಹೊಡೆಸಿದ್ದು, ಗೋಡೆಗಳಿಗೆ ಮರದ ಕಡಲಹಕ್ಕಿಗಳನ್ನು ನೇತುಹಾಕಿದ್ದು, ಮಾವನ ಫೋಟೋವನ್ನು ಶೆಡ್‌ಗೆ ಸಾಗಿಸಿದ್ದು ಎಲ್ಲ ಅವಳೇ. ಕೈಯಲ್ಲಿ ಅತಿಥಿಗಳಿಗೆಂದು ಚೀಸು, ಜಾಮು, ಬಿಸ್ಕತ್ತಿನ ಬುಟ್ಟಿ. ಕಾರಿನಿಂದ ನಾದಿನಿ ಇಳಿಯುವುದನ್ನು ಕಂಡು ಅವಳ ಮುಖದ ನಗು ಅರ್ಧಕ್ಕೇ ನಿಂತಿತು.

"ಒರ್ನೆಲ್ಲಾ, ಇವತ್ತು ಆಗಲ್ಲ. ಬುಕಿಂಗ್ ಇದೆ. ಈಗ ಬರ್ತಾರೆ ಅವರು."

"ಬಂದಾಯ್ತು." ಒರ್ನೆಲ್ಲಾ ಫೋನ್ ತೆಗೆದು ತೋರಿಸಿದಳು. "ಎರಡು ವಾರ. ಪೂರ್ತಿ ದುಡ್ಡು ಕಟ್ಟಿದೀನಿ. ಬುಟ್ಟಿ ಕೊಡು."

ಕೆರಿನ್ ಬುಟ್ಟಿಯನ್ನು ಎದೆಗೆ ಒತ್ತಿ ಹಿಡಿದಳು. "ಇದೇನು ಆಟ? ನಿನ್ನ ದುಡ್ಡು ವಾಪಸ್ ಹಾಕ್ತೀನಿ."

"ಹಾಕು. ಬೇಸಿಗೆ ನಡುವೆ ಬುಕಿಂಗ್ ನೀವಾಗಿ ರದ್ದು ಮಾಡಿದ್ರೆ ನಿಮ್ಮ ಮನೆ ವೆಬ್‌ಸೈಟಿನಲ್ಲಿ ಎಲ್ಲಿಗೆ ಹೋಗಿ ಬೀಳುತ್ತೆ ಅಂತ ನಿಂಗೇ ಗೊತ್ತು."

ಕೆರಿನ್‌ಗೆ ಗೊತ್ತಿತ್ತು. ಬುಟ್ಟಿ ಕೊಟ್ಟಳು. ಬೀಗದ ಕೈಯನ್ನೂ ಕೊಟ್ಟಳು.

ಒರ್ನೆಲ್ಲಾ ಮಾಡಿದ ಮೊದಲ ಕೆಲಸ ಹಿತ್ತಲಿಗೆ ಹೋದದ್ದು. ನುನ್ಸಿಯಾತಾ ಶೆಡ್‌ನ ಬಾಗಿಲಲ್ಲಿ ಬೀನ್ಸ್ ಬಿಡಿಸುತ್ತಾ ಕೂತಿದ್ದಳು.

"ಏಳು ಮಮ್ಮಾ. ಮುಂದಿನ ಕೋಣೆ ನಿಂದು."

"ಹುಚ್ಚೇ ನಿಂಗೆ? ಕೆರಿನ್ ಈಗ ತಾನೇ ಹಾಸಿಗೆ ಹಾಸಿದಾಳೆ."

"ನಿಂಗೋಸ್ಕರಾನೇ ಹಾಸಿದಾಳೆ ಅನ್ಕೋ."

"ಅದು ಅತಿಥಿಗಳದು ಒರ್ನೆಲ್ಲಾ. ಸುಕ್ಕಾದ್ರೆ..."

"ನೀನೇ ಅತಿಥಿ."

ತಾಯಿಯನ್ನು ಕೈಹಿಡಿದು ಎಬ್ಬಿಸಬೇಕಾಯಿತು. ಮೂವತ್ತು ವರ್ಷ ಗಂಡನ ಜೊತೆ ಮಲಗಿದ್ದ ಕೋಣೆಯ ಬಾಗಿಲಲ್ಲಿ ನುನ್ಸಿಯಾತಾ ಚಪ್ಪಲಿ ಬಿಚ್ಚಿಟ್ಟು ಒಳಗೆ ಹೋದಳು. ಮಂಚದ ತುದಿಯಲ್ಲಿ ಕೂತು ಬಿಳಿ ಹೊದಿಕೆಯನ್ನು ಅಂಗೈಯಿಂದ ಒಮ್ಮೆ ಸವರಿ ಕೈ ಹಿಂದಕ್ಕೆ ತೆಗೆದುಕೊಂಡಳು.

*

ಮಾರನೆಯ ದಿನದಿಂದ ಕೆರಿನ್‌ಳ ಫೋನ್ ಬಡಿದುಕೊಳ್ಳಲು ಶುರುವಾಯಿತು.

"ಚಾಕು ಮೊಂಡಾಗಿದೆ." "ಬಚ್ಚಲಲ್ಲಿ ನೀರು ನಿಲ್ತಾ ಇದೆ." "ಮಮ್ಮಾಗೆ ಇನ್ನೊಂದು ದಿಂಬು ಬೇಕು." "ಜಾಹೀರಾತಿನಲ್ಲಿ ಆರು ಕಾಫಿ ಕಪ್ ಅಂತ ಇದೆ, ಐದೇ ಇವೆ. ಲೆಕ್ಕ ಮಾಡಿದೆ."

ಕರೆದರೆ ಕೂಡಲೇ ಬರುತ್ತೇವೆ ಎಂದು ಕೆರಿನ್ ತಾನೇ ಜಾಹೀರಾತಿನಲ್ಲಿ ಬರೆದುಕೊಂಡಿದ್ದಳು. ಬಂದಳು. ಸಿಟ್ಟಿನಿಂದ ಕಿವಿ ಕೆಂಪಾಗಿರುತ್ತಿತ್ತು, ಆದರೂ ಬಂದಳು. ಜೊತೆಗೆ ಮಗಳು ಟೀಗನ್‌ಳನ್ನೂ ಎಳೆದುಕೊಂಡು ಬರುತ್ತಿದ್ದಳು. ಆ ಹುಡುಗಿಗೆ ಅದು ಶಾಲೆಯ ಕೊನೆಯ ಬೇಸಿಗೆ ರಜೆ; ಸಮುದ್ರಕ್ಕೆ ಹೋಗಬೇಕಾದವಳು ಅತ್ತೆಯ ಒದ್ದೆ ಟವೆಲುಗಳನ್ನು ಹಿಂಡಿದಳು. ಅಷ್ಟು ವರ್ಷ ಆ ತೊಳೆಯುವ ಕೆಲಸವೆಲ್ಲ ಯಾರು ಮಾಡುತ್ತಿದ್ದರು ಎಂಬುದು ಎರಡೇ ದಿನದಲ್ಲಿ ಕೆರಿನ್, ಟೀಗನ್ ಇಬ್ಬರ ಸೊಂಟಕ್ಕೂ ಗೊತ್ತಾಯಿತು.

ರೀನೋ ಕೂಡ ಬಿಡುಗಡೆಯಾಗಲಿಲ್ಲ. ಬೆಳಗಿನ ಜಾವವೇ ಸಮುದ್ರಕ್ಕೆ ಹೋಗಿ ಬಂದವನು, ಮೈತುಂಬ ಮೀನಿನ ಹುರುಪೆ ಅಂಟಿಸಿಕೊಂಡು ಬಚ್ಚಲ ಕೊಳವೆಗೆ ತಂತಿ ತೂರಿಸಬೇಕಾಯಿತು.

"ನಿಂಗೆ ಇದ್ರಿಂದ ಏನು ಸಿಗುತ್ತೆ?" ಮಂಡಿಯೂರಿ ಕೂತಲ್ಲಿಂದಲೇ ಕೇಳಿದ.

"ಟವೆಲ್ ಸಿಕ್ತು. ದಪ್ಪ ಇದೆ, ಚೆನ್ನಾಗಿದೆ."

"ಅಕ್ಕ ತಮ್ಮ ಅಂತ ಏನಾದ್ರೂ ಇದೆಯಾ ನಿಂಗೆ?"

"ಅತಿಥಿ ಹತ್ರ ಹಾಗೆಲ್ಲ ಮಾತಾಡ್ಬಾರದು ರೀನೋ. ವೆಬ್‌ಸೈಟಿನಲ್ಲಿ ಸ್ಟಾರ್ ಕಮ್ಮಿ ಕೊಟ್ಬಿಡ್ತೀನಿ."

ಫ್ರಿಜ್ಜಿನ ಬಾಗಿಲಿಗೆ ಕೆರಿನ್ ಒಂದು ಬೋರ್ಡು ಅಂಟಿಸಿದ್ದಳು: ದಯವಿಟ್ಟು ಮನೆಯೊಳಗೆ ಮೀನು ಹುರಿಯಬೇಡಿ. ಮೀನು ಮಾರಿಯೇ ಕಟ್ಟಿದ ಮನೆ ಅದು. ಒರ್ನೆಲ್ಲಾ ದಕ್ಕೆಯಿಂದ ಬೂತಾಯಿ ತಂದು ತಾಯಿಯ ಮುಂದೆ ಸುರಿದಳು. ನುನ್ಸಿಯಾತಾ ಬೋರ್ಡನ್ನು ನೋಡಿದಳು, ಮೀನನ್ನು ನೋಡಿದಳು. ಎರಡು ದಿನ ಅವಳು ಆ ಅಡುಗೆಮನೆಯಲ್ಲಿ ಕಪ್ಪುಗಳನ್ನು ಮುಟ್ಟುವುದಕ್ಕೂ ಹೆದರಿದ್ದಳು. ಮೂರನೆಯ ದಿನ ಅಂಗಿಯ ತೋಳು ಮಡಚಿ, ಹೆಬ್ಬೆರಳಿನಿಂದ ಮೀನಿನ ಹೊಟ್ಟೆ ಸೀಳಿ, ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಬಾಣಲೆಗೆ ಬಿಟ್ಟಳು. ಎಣ್ಣೆಯ ಹೊಗೆ ಬಿಳಿ ಪರದೆಗಳಿಗೆಲ್ಲ ಹಿಡಿಯಿತು. ಮೀನು ತಿರುವುತ್ತಾ ಅವಳು ಗುನುಗಿಕೊಳ್ಳುವುದು ಕೇಳಿ ಒರ್ನೆಲ್ಲಾಗೆ ಖುಷಿಯಾಯಿತು. ಮಾರನೆಯ ದಿನ ಬಂದ ಕೆರಿನ್ ಬಾಗಿಲಲ್ಲೇ ಮೂಗು ಮುಚ್ಚಿಕೊಂಡದ್ದು ನೋಡಿ ಇನ್ನೂ ಖುಷಿಯಾಯಿತು.

"ಈ ವಾಸನೆ ಹೋಗೋಕೆ ಒಂದು ವಾರ ಬೇಕು ನುನ್ಸಿ," ಎಂದಳು ಕೆರಿನ್, ಅತ್ತೆಯನ್ನು ಎಂದಿನಂತೆ ಚಿಕ್ಕ ಹೆಸರಿನಿಂದಲೇ ಕರೆದು. "ನಿಮಗೆ ಗೊತ್ತಲ್ಲ."

ನುನ್ಸಿಯಾತಾ ತಲೆ ತಗ್ಗಿಸಿದಳು. ಉತ್ತರ ಕೊಟ್ಟವಳು ಒರ್ನೆಲ್ಲಾ. "ಪರದೆ ಬಿಚ್ಕೊಂಡು ಹೋಗಿ ಒಗೆದು ತಾ. ಇಸ್ತ್ರಿನೂ ಮಾಡು."

*

ಎರಡನೆಯ ವಾರ ಒರ್ನೆಲ್ಲಾ ಒಂದು ಊಟ ಏರ್ಪಡಿಸಿದಳು. ಡಬ್ಬಿ ಕಾರ್ಖಾನೆಯಲ್ಲಿ ತಾಯಿಯ ಜೊತೆ ದುಡಿದ ಹೆಂಗಸರಲ್ಲಿ ಊರಲ್ಲಿ ಉಳಿದವರನ್ನೆಲ್ಲ ಕರೆದಳು. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಒಬ್ಬಳು ಕೋಲೂರಿಕೊಂಡು ಬಂದಳು, ಒಬ್ಬಳನ್ನು ಮೊಮ್ಮಗ ಕಾರಿನಲ್ಲಿ ಬಿಟ್ಟು ಹೋದ. ನುನ್ಸಿಯಾತಾ ಬೆಳಗಿನಿಂದ ಬದನೆಕಾಯಿ ಹುರಿದು, ಟೊಮೆಟೊ ರಸ ಕುದಿಸಿ, ಪಚ್ಚಿಲೆ ಚಿಪ್ಪುಗಳನ್ನು ಬೆಳ್ಳುಳ್ಳಿಯಲ್ಲಿ ಬೇಯಿಸಿದ್ದಳು. ವರಾಂಡದಲ್ಲಿ ಮೇಜು ಹಾಕಿದರು. ಮುದುಕಿಯರು ತಿನ್ನುತ್ತಾ, ನಗುತ್ತಾ, ಸತ್ತುಹೋದ ಮೇಸ್ತ್ರಿಯನ್ನು ಬೈಯುತ್ತಾ ಇದ್ದಾಗ ಒರ್ನೆಲ್ಲಾ ಕೆರಿನ್‌ಗೆ ಫೋನ್ ಮಾಡಿದಳು. ಅಡುಗೆಮನೆಯ ಸಿಂಕ್ ಕಟ್ಟಿದೆ ಎಂದಳು.

ಸಿಂಕ್ ಕಟ್ಟಿರಲಿಲ್ಲ. ಕೆರಿನ್, ಟೀಗನ್ ಇಬ್ಬರೂ ಬಂದು ನಿಂತರು.

"ಬಂದೇ ಬಿಟ್ಯಲ್ಲ, ಮೇಜು ಒರೆಸು," ಎಂದಳು ಒರ್ನೆಲ್ಲಾ, ಎಲ್ಲರಿಗೂ ಕೇಳುವ ಹಾಗೆ. "ಚಿಪ್ಪೆಲ್ಲ ತೆಗೆದುಹಾಕು. ನಮ್ಮಮ್ಮ ಇಷ್ಟು ವರ್ಷ ನಿನ್ನ ಅತಿಥಿಗಳ ಎಂಜಲು ಬಳಿದಿದಾಳೆ, ಒಂದು ದಿನ ನೀನು ಅವಳ ಅತಿಥಿಗಳದು ಬಳಿ."

ಕೆರಿನ್ ಬಟ್ಟೆ ತೆಗೆದುಕೊಂಡು ಒರೆಸತೊಡಗಿದಳು. ಒಬ್ಬೊಬ್ಬರ ಮುಂದಿನಿಂದ ಚಿಪ್ಪುಗಳನ್ನು ಬೋಗುಣಿಗೆ ಬಳಿದಳು. ಒಂದು ಚಿಪ್ಪು ಜಾರಿ ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಂಡಳು.

"ನೀನು ಬಿಡಮ್ಮಾ." ಟೀಗನ್ ತಾಯಿಯ ಕೈಯಿಂದ ಬಟ್ಟೆ ಕಿತ್ತುಕೊಂಡಳು. ಒರ್ನೆಲ್ಲಾಳ ಕಡೆ ತಿರುಗಿದಳು. ಅಜ್ಜಿಯನ್ನು ಅವಳು ಕರೆಯುತ್ತಿದ್ದದ್ದು ನೊನ್ನಾ ಎಂದು. "ನೊನ್ನಾಳ ಕಣ್ಣಿನ ಆಪರೇಷನ್ ಆದಾಗ ಬೇಗಾ ಊರಿನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು ಯಾರು? ಎರಡು ಕಣ್ಣಿಗೂ? ಹದಿನೈದು ದಿನ ಔಷಧಿ ಹಾಕಿದ್ದು ಯಾರು? ನೀನು ಹೂವಿನ ಗುಚ್ಛ ಕಳಿಸಿದೆ. ಪೋಸ್ಟಿನಲ್ಲಿ."

"ದೊಡ್ಡವರು ಮಾತಾಡುವಾಗ..."

"ದೊಡ್ಡವಳ ಥರ ನಡ್ಕೋ ಹಾಗಾದ್ರೆ. ನನ್ನ ಅಪ್ಪ ಅಮ್ಮ ಮಾಡಿದ್ದು ತಪ್ಪು. ನಂಗೂ ಗೊತ್ತು. ಆದ್ರೆ ನೀನು ಇಲ್ಲಿ ನೊನ್ನಾಗೋಸ್ಕರ ಬಂದಿಲ್ಲ. ನಿನ್ನ ತಮಾಷೆಗೆ ಬಂದಿದೀಯ."

ಊಟ ಅಲ್ಲಿಗೆ ಮುಗಿಯಿತು. ಕೋಲಿನ ಮುದುಕಿ ಹೋಗುವಾಗ ನುನ್ಸಿಯಾತಾಳ ಕೆನ್ನೆ ತಟ್ಟಿ, "ಅಡುಗೆ ಚೆನ್ನಾಗಿತ್ತು ಕಣೇ" ಎಂದಷ್ಟೇ ಅಂದಳು.

ಎಲ್ಲರೂ ಹೋದ ಮೇಲೆ ನುನ್ಸಿಯಾತಾ ಪಾತ್ರೆ ತೊಳೆದಳು, ಮಗಳು ಒರೆಸಿದಳು. ತಾಯಿ ಕೇಳಿದಳು.

"ಶನಿವಾರ ನಿನ್ನ ಬುಕಿಂಗ್ ಮುಗಿಯುತ್ತಲ್ಲ. ಆಮೇಲೆ?"

"ಆಮೇಲೆ ಏನು? ಅವರಿಗೆ ಬುದ್ಧಿ ಬಂದಿರುತ್ತೆ."

"ನಾನು ಎಲ್ಲಿರ್ತೀನಿ ಅಂತ ಕೇಳಿದ್ದು."

ಒರ್ನೆಲ್ಲಾ ತಟ್ಟೆಯನ್ನು ಒರೆಸಿದ ಕಡೆಯೇ ಮತ್ತೆ ಒರೆಸಿದಳು. "ನನ್ನ ಫ್ಲಾಟ್ ನೋಡಿದೀಯಲ್ಲ ಮಮ್ಮಾ. ಒಂದೇ ಕೋಣೆ. ಲಿಫ್ಟ್ ಇಲ್ಲ. ನಾನು ರೀನೋ ಜೊತೆ ಮಾತಾಡ್ತೀನಿ, ಶೆಡ್‌ಗೆ ಒಂದು ಒಳ್ಳೆ ಒಲೆ ಹಾಕಿಸು ಅಂತ..."

"ಒಲೆ."

"ನಾನು ನಿಂಗೋಸ್ಕರ ಎಷ್ಟು ಪಾಳಿ ಹೆಚ್ಚಿಗೆ ಮಾಡಿದೆ ಗೊತ್ತಾ?"

"ನಾನು ಕೇಳಿದ್ನಾ?" ನುನ್ಸಿಯಾತಾ ನಲ್ಲಿ ನಿಲ್ಲಿಸಿದಳು. "ಅವನು ನನ್ನ ಹಿತ್ತಲಿಗೆ ಹಾಕಿದ. ನೀನು ತಂದು ವರಾಂಡದಲ್ಲಿ ಕೂರಿಸ್ದೆ. ಇಬ್ಬರೂ ನನ್ನ ಹಿಡ್ಕೊಂಡು ಒಬ್ಬರಿಗೊಬ್ಬರು ಬಾರಿಸ್ತಿದೀರಿ. ಶನಿವಾರ ನೀನು ಕಾರು ಹತ್ತಿ ಹೋಗ್ತೀಯ. ಕೆರಿನ್ ಮುಖ ನೋಡ್ಕೊಂಡು ಇಲ್ಲಿ ಇರ್ಬೇಕಾದವಳು ನಾನು."

ಆಮೇಲೆ ಶುಕ್ರವಾರದವರೆಗೂ ಅವಳು ಮಗಳ ಜೊತೆ ಹೆಚ್ಚು ಮಾತಾಡಲಿಲ್ಲ. ಅಡುಗೆ ಮಾಡಿದಳು, ತಿಂದಳು, ವರಾಂಡದಲ್ಲಿ ಕೂತು ದೋಣಿಗಳು ಬರುವುದು ಹೋಗುವುದು ನೋಡಿದಳು. ಒಮ್ಮೆ ಶೆಡ್‌ಗೆ ಹೋಗಿ ಬಂದಳು. ಬರುವಾಗ ಕಂಕುಳಲ್ಲಿ ಗಾಸ್ಪರೆಯ ಫೋಟೋ ಇತ್ತು. ಮರದ ಕಡಲಹಕ್ಕಿ ತೆಗೆದು ಅದೇ ಮೊಳೆಗೆ ಫೋಟೋ ಹಾಕಿದಳು.

*

ಶನಿವಾರ ಬೆಳಗ್ಗೆ ಕೆರಿನ್ ಬಕೆಟ್, ಪೊರಕೆ, ಹೊಸ ಹೊದಿಕೆಗಳ ಗಂಟು ಹಿಡಿದು ಬಂದಾಗ ಒರ್ನೆಲ್ಲಾಳ ಚೀಲಗಳು ಬಾಗಿಲಲ್ಲಿದ್ದವು. ನುನ್ಸಿಯಾತಾ ಅಡುಗೆಮನೆಯ ಮೇಜಿನ ಮೇಲೆ ಹಿಟ್ಟು ಹರಡಿಕೊಂಡು ನಾದುತ್ತಿದ್ದಳು.

"ನುನ್ಸಿ, ಮಧ್ಯಾಹ್ನ ಮೆಲ್ಬರ್ನಿನವರು ಬರ್ತಾರೆ. ನಾನು ಇಲ್ಲಿಂದಲೇ ಶುರು ಮಾಡ್ಬೇಕು."

"ಮಾಡ್ಬೇಡ."

"ಏನು?"

"ನಾನು ಹೋಗಲ್ಲ," ಎಂದಳು ನುನ್ಸಿಯಾತಾ. "ರೀನೋನ ಕರಿ."

ಒರ್ನೆಲ್ಲಾ ಚೀಲ ಕೆಳಗಿಟ್ಟಳು. ಅವಳ ಮುಖ ಅರಳಿತು. "ಹಾಗೆ ಹೇಳು ಮಮ್ಮಾ!"

"ನೀನು ಬಾಯಿ ಮುಚ್ಚು," ಎಂದಳು ತಾಯಿ, ತಲೆಯೆತ್ತದೆ. "ಕೋಣೆಗೆ ಹೋಗಿ ನೀನು ಮಲಗಿದ ಹಾಸಿಗೆ ಬಿಚ್ಚು. ಹೊದಿಕೆ ಒಗೆದು ತಂತಿ ಮೇಲೆ ಹಾಕು. ಅದನ್ನ ಮಾಡದೆ ಈ ಮನೆಯಿಂದ ಹೋಗ್ಬೇಡ."

ರೀನೋ ಬೂಟು ಕಳಚದೆ ಒಳಗೆ ಬಂದ. ಗೋಡೆಯ ಮೇಲೆ ಅಪ್ಪನನ್ನು ಕಂಡು ಒಂದು ಕ್ಷಣ ನಿಂತ. "ಏನಮ್ಮಾ ಇದು? ಇವಳು ಹೇಳಿಕೊಟ್ಳಾ?"

"ಈ ಮನೆ ಯಾರ ಹೆಸರಲ್ಲಿದೆ ರೀನೋ?"

ಅವನು ಹೆಂಡತಿಯ ಮುಖ ನೋಡಿದ. ಮನೆ ಯಾರ ಹೆಸರಲ್ಲಿದೆ ಎಂಬುದು ಮೂವರಿಗೂ ಗೊತ್ತಿತ್ತು. ಬಾಯಿಬಿಟ್ಟು ಹೇಳುವ ಪ್ರಸಂಗ ಬಂದಿರಲಿಲ್ಲ ಅಷ್ಟೆ.

"ನಿಂದೇ. ಅಲ್ಲ ಅಂದವರು ಯಾರು? ಆದ್ರೆ ತಿಂಗಳ ಕೊನೆವರೆಗೂ ಜನ ದುಡ್ಡು ಕಟ್ಟಿದಾರೆ. ಇವತ್ತು ಬರೋರು ಎಂಟು ಗಂಟೆ ಕಾರಿನಲ್ಲಿ ಕೂತು ಬರ್ತಾರೆ. ಸಣ್ಣ ಮಕ್ಕಳಿದಾರೆ. ಅವರನ್ನ ಬೀದಿಗೆ ಹಾಕ್ಲಾ?"

"ಯಾಕೆ ಬೀದಿಗೆ? ನಿನ್ನ ಮನೆ ಇದೆಯಲ್ಲ. ಮೂರು ಕೋಣೆ, ದೊಡ್ಡ ಅಡುಗೆಮನೆ. ಅಲ್ಲಿ ಇಳಿಸು."

"ನಾವು ಎಲ್ಲಿ ಹೋಗೋಣ?"

ನುನ್ಸಿಯಾತಾ ಹಿಟ್ಟಿನ ಕೈಯಿಂದ ಹಿತ್ತಲ ಕಡೆ ತೋರಿಸಿದಳು.

ಕೆರಿನ್ ನಕ್ಕುಬಿಟ್ಟಳು. ಯಾರೂ ಜೊತೆಗೂಡದ್ದು ಕಂಡು ನಿಲ್ಲಿಸಿದಳು. "ನೀವು ನಿಜವಾಗಿ ಹೇಳ್ತಿದೀರಾ?"

"ನಾನು ಇದ್ದೆನಲ್ಲ. ಮೂವರಿಗೆ ಸ್ವಲ್ಪ ಇಕ್ಕಟ್ಟು. ನೆಲದ ಮೇಲೆ ಒಬ್ಬರು ಮಲಗಿ."

"ಮಮ್ಮಾ, ಬಿಸಿಲಿಗೆ ಆ ತಗಡು ಕಾದ್ರೆ..." ರೀನೋ ಅಷ್ಟು ಹೇಳಿ ತಾನೇ ನಾಲಿಗೆ ಕಚ್ಚಿಕೊಂಡ.

"ಹೇಳು. ತಗಡು ಕಾದ್ರೆ ಏನಾಗುತ್ತೆ?"

ಹಿಟ್ಟಿನ ಉಂಡೆಯನ್ನು ಅವಳು ಎತ್ತಿ ಮೇಜಿಗೆ ಬಡಿದಳು, ಮಡಚಿದಳು, ಮತ್ತೆ ಬಡಿದಳು.

"ಆಗಲ್ಲ ಅಂದ್ರೆ ಆ ಜನ ಬಂದಾಗ ಬಾಗಿಲು ತೆಗೆಯೋಳು ನಾನೇ," ಎಂದಳು. "ಒಳಗೆ ಕರೀತೀನಿ, ಕಾಫಿ ಕೊಡ್ತೀನಿ, ನನ್ನ ಮಗ ನನ್ನನ್ನ ಎಲ್ಲಿ ಇಟ್ಟಿದ್ದ ಅಂತ ಕರ್ಕೊಂಡು ಹೋಗಿ ತೋರಿಸ್ತೀನಿ. ಆಮೇಲೆ ಬರೋರಿಗೂ ತೋರಿಸ್ತೀನಿ. ದಕ್ಕೆಯಲ್ಲೂ ಹೇಳ್ತೀನಿ. ಇಷ್ಟು ವರ್ಷ ಯಾರಾದ್ರೂ ಕೇಳಿದ್ರೆ ನಂಗೇ ಶೆಡ್ ಇಷ್ಟ ಅಂತ ಹೇಳ್ತಾ ಬಂದೆ. ನಿನ್ನ ಮರ್ಯಾದೆ ಉಳೀಲಿ ಅಂತ."

ರೀನೋ ಬಂದಂತೆಯೇ ಹೊರಗೆ ಹೋದ. ಸ್ವಲ್ಪ ಹೊತ್ತಿನಲ್ಲಿ ಅವನ ವ್ಯಾನು ಸದ್ದು ಮಾಡಿತು. ಕೆರಿನ್ ಬಕೆಟ್ ಎತ್ತಿಕೊಂಡು ಅವನ ಹಿಂದೆ ನಡೆದಳು. ಈಗ ಅವಳು ಗುಡಿಸಿ ಒರೆಸಬೇಕಾದದ್ದು ತನ್ನದೇ ಮನೆಯನ್ನು.

ಮೆಲ್ಬರ್ನಿನವರು ಬಂದಾಗ ಬಾಗಿಲ ಮುಂದೆ ನಿಂತವನು ರೀನೋ. ನುನ್ಸಿಯಾತಾ ವರಾಂಡದ ಕುರ್ಚಿಯಿಂದ ಏಳಲಿಲ್ಲ. ಹಡಗು, ಬಂದರು ನೋಡಬಹುದು ಅಂತ ಈ ಮನೆ ಹಿಡಿದದ್ದು ಎಂದು ಆ ಮನುಷ್ಯ ವಾದಿಸಿದ. ಅರ್ಧ ಬಾಡಿಗೆ ವಾಪಸು ಕೊಡುತ್ತೇನೆ ಎಂದ ರೀನೋ. ಏನಾಯಿತು, ಯಾಕೆ ಎಂದು ಆ ಮನುಷ್ಯನ ಹೆಂಡತಿ ಕೇಳಿದಳು.

"ಇದು ನಮ್ಮ ತಾಯಿ ಮನೆ," ಎಂದ ರೀನೋ. ತಿರುಗಿ ವರಾಂಡದ ಕಡೆ ನೋಡಿದ. ನುನ್ಸಿಯಾತಾ ಅವನನ್ನೇ ನೋಡುತ್ತಿದ್ದಳು. "ಅವರಿಗೆ ಬೇಕಂತೆ," ಎಂದು ಮುಗಿಸಿದ. ಅಷ್ಟು ಹೇಳುವುದರಲ್ಲೇ ಅವನ ಕತ್ತು ಬೆವೆತಿತ್ತು.

ಒರ್ನೆಲ್ಲಾ ಅಷ್ಟರಲ್ಲಿ ಹೊದಿಕೆ ಒಗೆದು ಹಾಕಿ, ಕೈ ಒರೆಸಿಕೊಂಡು ತಾಯಿಯ ಮುಂದೆ ನಿಂತಿದ್ದಳು. ಏನೋ ಒಂದು ಮಾತಿಗೆ ಕಾಯುವ ಹಾಗಿತ್ತು.

"ನಾನು ಬರದೇ ಇದ್ದಿದ್ರೆ ಇದು ಯಾವತ್ತೂ ಆಗ್ತಿರಲಿಲ್ಲ ಮಮ್ಮಾ."

"ಆಗ್ತಿರಲಿಲ್ಲ."

"ಒಂದು ಥ್ಯಾಂಕ್ಸ್ ಕೂಡ ಇಲ್ವಾ?"

"ಆ ಹೆಂಗಸರ ಮುಂದೆ ಕೆರಿನ್ ಕೈಯಲ್ಲಿ ಎಂಜಲು ಬಳಿಸಿದೆ. ನನ್ನ ಮೇಜಿನ ಮೇಲೆ. ನಾನು ಮಾಡಿದ ಊಟದಲ್ಲಿ." ನುನ್ಸಿಯಾತಾ ಕೈ ಚಾಚಿದಳು. "ಬೀಗದ ಕೈ ಕೊಡು. ಮುಂದಿನ ಸಲ ಬರೋದಾದ್ರೆ ಫೋನ್ ಮಾಡಿ ಕೇಳು. ಬಾ ಅಂದ್ರೆ ಬಾ."

ಒರ್ನೆಲ್ಲಾ ಬೀಗದ ಕೈಯನ್ನು ತಾಯಿಯ ಅಂಗೈಯಲ್ಲಿ ಇಟ್ಟು ಹೊರಟಳು. ದಿಬ್ಬ ಇಳಿಯುವಾಗ ಕಣ್ಣೊರೆಸಿಕೊಳ್ಳಲು ಕಾರು ನಿಲ್ಲಿಸಿದ್ದಳು ಎಂದು ಆಮೇಲೆ ಯಾರೋ ಹೇಳಿದರು.

*

ರೀನೋ, ಕೆರಿನ್ ಜನವರಿಯ ಉಳಿದ ದಿನಗಳನ್ನು ಶೆಡ್‌ನಲ್ಲಿ ಕಳೆದರು. ಅವು ಆ ಬೇಸಿಗೆಯ ಅತಿ ಧಗೆಯ ದಿನಗಳು. ಮಧ್ಯಾಹ್ನ ತಗಡು ಟಕಟಕ ಅನ್ನುತ್ತಿತ್ತು. ಒಂದು ಒಲೆಯ ಮೇಲೆ ಮೊದಲು ನೀರು, ಆಮೇಲೆ ಪಾಸ್ತಾ, ಆಮೇಲೆ ರಸ. ಎಲ್ಲ ಆಗುವಷ್ಟರಲ್ಲಿ ಮೊದಲು ಬೇಯಿಸಿದ್ದು ಅಂಟಾಗಿರುತ್ತಿತ್ತು. ಕೆರಿನ್ ಒಂದು ದಿನ ಅಡುಗೆಮನೆಯ ಬಾಗಿಲಿಗೆ ಬಂದು, ಇಲ್ಲಿ ಸ್ವಲ್ಪ ಬೇಯಿಸಿಕೊಳ್ಳಬಹುದಾ ಎಂದು ಕೇಳಿದಳು.

"ಆ ಒಲೆ ನಿಧಾನ," ಎಂದಳು ನುನ್ಸಿಯಾತಾ. "ಮೇಲೆ ತಟ್ಟೆ ಮುಚ್ಚಿದ್ರೆ ಬೇಗ ಆಗುತ್ತೆ." ಅಷ್ಟು ಹೇಳಿ ಬಾಗಿಲು ಹಾಕಿಕೊಂಡಳು.

ಟೀಗನ್ ಮಾತ್ರ ಎರಡನೆಯ ದಿನವೇ ತನ್ನ ದಿಂಬು ತಂದು ಅಜ್ಜಿಯ ಹಾಲ್‌ನ ಸೋಫಾದ ಮೇಲೆ ಹಾಕಿಕೊಂಡಳು. "ನಾನು ಯಾರ ಪಕ್ಷನೂ ಅಲ್ಲ ನೊನ್ನಾ. ಅಪ್ಪ ಗೊರಕೆ ಹೊಡೀತಾನೆ." ಅಜ್ಜಿ ಅವಳಿಗೆ ಒಂದು ತಟ್ಟೆ ಜಾಸ್ತಿ ಇಟ್ಟಳು.

ಗುಡ್ಡದ ಹಿಂಬದಿಯ ರೀನೋನ ಮನೆಯಲ್ಲಿ ಮೆಲ್ಬರ್ನಿನ ಮಕ್ಕಳು ಗೋಡೆಗೆ ಬಣ್ಣದ ಪೆನ್ಸಿಲಿನಿಂದ ಮೀನು ಬರೆದರು. ಅವರ ನಂತರ ಬಂದವರು ಟಿವಿ ಒಡೆದರು. ಕೆರಿನ್ ದಿನವೂ ಹೋಗಿ ತನ್ನದೇ ಹಾಸಿಗೆಯ ಮೇಲೆ ಬೇರೆಯವರು ಮಲಗಿದ ಹೊದಿಕೆ ಬಿಚ್ಚಿ ತಂದು, ಅತ್ತೆಯ ಕಿಟಕಿಯ ಎದುರಿನ ತಂತಿಯ ಮೇಲೆ ಒಣಗಿಸಿದಳು. ನುನ್ಸಿಯಾತಾ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು. ಅವಳು ಸಂತೋಷಪಡಲಿಲ್ಲ ಎಂದರೆ ಸುಳ್ಳಾದೀತು.

ಆದರೆ ಒಂದು ಮಧ್ಯಾಹ್ನ, ಹೊದಿಕೆಯ ಭಾರಕ್ಕೆ ಸೊಂಟ ಹಿಡಿದು ಕೆರಿನ್ ತಂತಿಯ ಕೆಳಗೇ ಹುಲ್ಲಿನ ಮೇಲೆ ಕೂತುಬಿಟ್ಟಳು. ನುನ್ಸಿಯಾತಾ ಹೊರಗೆ ಬಂದು ಹೊದಿಕೆಯ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಸೇರಿ ತಂತಿಗೆ ಎಸೆದರು.

"ನೀವು ಹೇಗೆ ಇದ್ರಿ ಅಲ್ಲಿ?" ಕೆರಿನ್ ಕೇಳಿದಳು. "ಇಷ್ಟು ವರ್ಷ?"

"ಬಾಯಿ ಮುಚ್ಕೊಂಡು."

"ಒಂದು ಮಾತು ಹೇಳ್ಬಹುದಿತ್ತು."

"ಕೇಳ್ಬಹುದಿತ್ತು ನೀನು."

ಕೆರಿನ್ ಬಟ್ಟೆಯ ಕ್ಲಿಪ್ಪುಗಳನ್ನು ಒಂದೊಂದಾಗಿ ಕೊಡುತ್ತಾ ಹೋದಳು. "ನಂಗೆ ಕೇಳೋಕೆ ಇಷ್ಟ ಇರ್ಲಿಲ್ಲ," ಎಂದಳು ಕೊನೆಗೆ. "ಕೇಳಿದ್ರೆ ನೀವು ಹೇಳ್ತಿದ್ರಿ."

ಆ ಸಂಜೆ ನುನ್ಸಿಯಾತಾ ಟೀಗನ್‌ಳ ಕೈಯಲ್ಲಿ ಒಂದು ಮುಚ್ಚಿದ ಪಾತ್ರೆ ಕೊಟ್ಟು ಕಳಿಸಿದಳು. ಪಚ್ಚಿಲೆಯ ಸಾರು, ಬ್ರೆಡ್ಡು. "ನಿನ್ನ ಅಮ್ಮನಿಗೆ," ಎಂದಳು.

"ಅಪ್ಪನಿಗೆ?"

"ಅಮ್ಮನಿಗೆ ಅಂದೆ."

ಕೆರಿನ್ ಅರ್ಧ ಗಂಡನಿಗೆ ಕೊಟ್ಟಳೋ ಇಲ್ಲವೋ ನುನ್ಸಿಯಾತಾ ಕೇಳಲಿಲ್ಲ. ಪಾತ್ರೆ ತೊಳೆದು ವಾಪಸು ಬಂತು.

ಕೊನೆಯ ಅತಿಥಿಗಳು ಹೋದ ದಿನ ಜಾಹೀರಾತಿನಿಂದ ಅತ್ತೆಯ ಮನೆಯ ಚಿತ್ರಗಳನ್ನು ಕೆರಿನ್ ತಾನೇ ತೆಗೆದುಹಾಕಿದಳು. ಸಾಯಂಕಾಲ ರೀನೋ ಅಡುಗೆಮನೆಯ ಹಿಂಬಾಗಿಲಿಗೆ ಬಂದ. ಸಣ್ಣವನಿದ್ದಾಗಿನಂತೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ಮುಖ ಇಳಿದಿತ್ತು, ಕುತ್ತಿಗೆಯ ಮೇಲೆ ಸೆಕೆಯ ಬೊಕ್ಕೆಗಳೆದ್ದಿದ್ದವು. ತಾಯಿ ಮೇಜಿನ ಮುಂದೆ ಕೂತು ಊಟ ಮಾಡುತ್ತಿದ್ದಳು. ಎದುರಿನ ಕುರ್ಚಿ ಖಾಲಿಯಿತ್ತು. ಟೀಗನ್ ಸಮುದ್ರಕ್ಕೆ ಹೋಗಿದ್ದಳು.

"ನಾವು ನಾಳೆ ನಮ್ಮ ಮನೆಗೆ ಹೋಗ್ತೀವಿ ಮಮ್ಮಾ."

"ಹೋಗಿ."

"ಶೆಡ್ ಗುಡಿಸಿದೀನಿ. ಮಂಚದ ಕಾಲು ಅಲ್ಲಾಡ್ತಿತ್ತು, ಸರಿ ಮಾಡಿದೆ." ಕುತ್ತಿಗೆ ಕೆರೆದುಕೊಂಡ. "ಅಲ್ಲಿ ನಿದ್ದೆ ಬರಲ್ಲ. ನಂಗೆ ಗೊತ್ತಿರ್ಲಿಲ್ಲ."

ನುನ್ಸಿಯಾತಾ ಬ್ರೆಡ್ಡು ಮುರಿದು ತಟ್ಟೆಯ ಅಂಚಿನ ರಸವನ್ನು ಒರೆಸಿಕೊಂಡಳು. ಅವನು ನೋಡುತ್ತಾ ನಿಂತ. ಹುರಿದ ಬದನೆಕಾಯಿ, ಬೂತಾಯಿ, ಅವನಿಗೆ ಇಷ್ಟವಾದ ಹುಳಿ ಈರುಳ್ಳಿ, ಎಲ್ಲವೂ ಮೇಜಿನ ಮೇಲಿತ್ತು. ಒಬ್ಬಳಿಗೆ ಬೇಕಾದ್ದಕ್ಕಿಂತ ಹೆಚ್ಚೇ ಇತ್ತು. ಕೂರು ಎನ್ನುತ್ತಾಳೆ ಎಂದು ಅವನು ಒಂದು ಬೂಟಿನ ದಾರವನ್ನೂ ಸಡಿಲಿಸಿಕೊಂಡ.

ಅವಳು ಬ್ರೆಡ್ಡು ಬಾಯಿಗಿಟ್ಟು, ನಿಧಾನವಾಗಿ ಅಗಿದು, ನುಂಗಿದಳು. ನೀರು ಕುಡಿದಳು.

"ಹೋಗುವಾಗ ಜಾಲರಿ ಬಾಗಿಲು ಎಳ್ಕೊಂಡು ಹೋಗು," ಎಂದಳು. "ನೊಣ ಬರ್ತವೆ."